ಮೈನಸ್ 23 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಸಿಕ್ಕಿದೆ ಅಂದಮೇಲೆ ಕರೆಂಟ್ ತಂತಿಗೆ ಯಾಕೆ ಬಂದಿಲ್ಲ?

ಸೂಪರ್‌ಕಂಡಕ್ಟರ್ ಅಂದರೆ ಕರೆಂಟನ್ನು ಒಂಚೂರೂ ತಡೆಯದೆ ಹರಿಯಬಿಡುವ ಪದಾರ್ಥ; ಸಾಮಾನ್ಯವಾಗಿ ಅದಕ್ಕೆ ತುಂಬ ಚಳಿ ಬೇಕು. ನೀವು ಓದಿದ ಸುದ್ದಿ ಸುಳ್ಳಲ್ಲ. ಆದರೆ ಇಂಥ ಸುದ್ದಿಗಳಲ್ಲಿ ಉಷ್ಣತೆ ತಲೆಬರಹದಲ್ಲಿರುತ್ತೆ, ಒತ್ತಡ ಎಲ್ಲೋ ಕೊನೆಯ ಸಾಲಿನಲ್ಲಿ. ನಾನು ಮೊದಲು ಹುಡುಕುವುದೇ ಆ ಕೊನೆಯ ಸಾಲನ್ನು.

2015ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ವಿಜ್ಞಾನಿ ಮಿಖಾಯಿಲ್ ಎರೆಮೆಟ್ಸ್ ತಂಡ ಹೈಡ್ರೋಜನ್ ಸಲ್ಫೈಡನ್ನು (ಹೌದು, ಕೊಳೆತ ಮೊಟ್ಟೆ ವಾಸನೆಯ ಅದೇ ಅನಿಲ) ಹಿಂಡಿ, ಮೈನಸ್ 70 ಡಿಗ್ರಿಯಲ್ಲಿ ಸೂಪರ್‌ಕಂಡಕ್ಟರ್ ಮಾಡಿ ತೋರಿಸಿತು. 2019ರಲ್ಲಿ ಲ್ಯಾಂಥನಮ್ ಹೈಡ್ರೈಡ್ (ಲ್ಯಾಂಥನಮ್ ಅನ್ನೋ ಲೋಹಕ್ಕೆ ಹೈಡ್ರೋಜನ್ ಸೇರಿದ ಪದಾರ್ಥ) ಮೈನಸ್ 23ರವರೆಗೆ ಬಂತು. ಒತ್ತಡ ಮಾತ್ರ ಸುಮಾರು 170 ಗಿಗಾಪಾಸ್ಕಲ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 17 ಲಕ್ಷ ಪಟ್ಟು. ಭೂಮಿಯೊಳಗೆ 2,900 ಕಿ.ಮೀ. ಇಳಿದರೂ ಅಷ್ಟಿರಲ್ಲ!

ಇದನ್ನು ಮಾಡುವುದು ಎರಡು ವಜ್ರಗಳ ತುದಿಗಳ ನಡುವೆ. ತುದಿ ಕೂದಲೆಳೆಯಷ್ಟೇ ಅಗಲ, ನಡುವಿನ ಪದಾರ್ಥ ಅದಕ್ಕಿಂತ ಚಿಕ್ಕದು, ಆ ಪದಾರ್ಥಕ್ಕೇ ನಾಲ್ಕು ತೆಳು ಎಲೆಕ್ಟ್ರೋಡ್ ಮುಟ್ಟಿಸಿ ಕರೆಂಟ್‌ಗೆ ಎಷ್ಟು ತಡೆ ಇದೆ ಅಂತ ಅಳೆಯಬೇಕು. ವಜ್ರ ಒಡೆದರೆ ಎಲ್ಲ ಹೋಯ್ತು. ಅದರಿಂದ ತಂತಿ ಎಳೆಯುವ ಮಾತೇ ಇಲ್ಲ.

ಹಾಗಾದರೆ ಅಷ್ಟು ಒತ್ತುವುದಾದರೂ ಯಾಕೆ? ಹೈಡ್ರೋಜನ್ ತುಂಬ ಹಗುರ, ಅದರ ಪರಮಾಣು ಜೋರಾಗಿ ಕಂಪಿಸುತ್ತೆ, ಆ ಕಂಪನವೇ ಎಲೆಕ್ಟ್ರಾನ್‌ಗಳನ್ನು ಜೋಡಿ ಮಾಡುತ್ತೆ, ಜೋಡಿಯಾದವು ತಡೆಯಿಲ್ಲದೆ ಹರಿಯುತ್ತವೆ. (ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ ಹಾಕಿದಾಗ ಸೂಪರ್‌ಕಂಡಕ್ಟರ್ ಆಗುವ ಉಷ್ಣತೆ ಕೆಳಗಿಳಿಯಿತು. ನನಗೆ ಅತಿ ಗಟ್ಟಿ ಅನಿಸುವ ಸಾಕ್ಷಿ ಅದೇ.) ಆದರೆ ಸುಮ್ನೆ ಬಿಟ್ಟರೆ ಎರಡೆರಡು ಹೈಡ್ರೋಜನ್ ಸೇರಿ ಅಣುವಾಗಿ ಕೂತುಬಿಡುತ್ತವೆ, ಎಲೆಕ್ಟ್ರಾನ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಆ ಬಂಧ ಬಿಡಿಸಲು ಒತ್ತಬೇಕು. ಬರೀ ಹೈಡ್ರೋಜನ್‌ಗೆ ಇನ್ನೂ ಜಾಸ್ತಿ ಒತ್ತಡ ಬೇಕು, ಬೇರೆ ಧಾತು ಸೇರಿಸಿದರೆ ಒಂದಿಷ್ಟು ಒತ್ತುವ ಕೆಲಸ ಅದೇ ಮಾಡುತ್ತೆ ಅಂತ ಭೌತವಿಜ್ಞಾನಿ ನೀಲ್ ಆಶ್‌ಕ್ರಾಫ್ಟ್ 2004ರಲ್ಲೇ ಹೇಳಿದ್ದರು. ಲ್ಯಾಂಥನಮ್ ಹೈಡ್ರೈಡ್‌ನಲ್ಲಿ ಒಂದೊಂದು ಲ್ಯಾಂಥನಮ್ ಸುತ್ತ 32 ಹೈಡ್ರೋಜನ್‌ಗಳ ಪಂಜರ ಇರುತ್ತೆ. ಒತ್ತಡ ತೆಗೆದರೆ ಪಂಜರ ಉಳಿಯಲ್ಲ. ಅಸಲಿ ತೊಡಕು ಇದೇ, ಉಷ್ಣತೆ ಅಲ್ಲ.

ಕೋಣೆಯ ಉಷ್ಣತೆಯಲ್ಲೇ ಆಯ್ತು ಅಂತ 2020 ಮತ್ತು 2023ರಲ್ಲಿ ವಿಜ್ಞಾನ ಪತ್ರಿಕೆ ‘ನೇಚರ್’ನಲ್ಲಿ ಬಂದ ಎರಡು ಪ್ರಬಂಧಗಳನ್ನು ಪತ್ರಿಕೆ ಆಮೇಲೆ ವಾಪಸ್ ತೆಗೆದುಕೊಂಡಿತು. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ನಿಮ್ಮ ತಂತಿ ವಿಷಯ. ಅದಕ್ಕೆ ಹೈಡ್ರೈಡೇ ಬೇಕಂತಿಲ್ಲ ಅಲ್ವಾ? ತಾಮ್ರದ ಆಕ್ಸೈಡ್‌ನ ಸೂಪರ್‌ಕಂಡಕ್ಟರ್‌ಗಳನ್ನು ಒತ್ತಬೇಕಾಗಿಲ್ಲ, ದ್ರವ ನೈಟ್ರೋಜನ್‌ನಿಂದ ತಣ್ಣಗೆ ಮಾಡಿದರೆ ಸಾಕು. ಜರ್ಮನಿಯ ಎಸೆನ್ ನಗರದಲ್ಲಿ 2014ರಲ್ಲೇ ಅಂಥ ಒಂದು ಕಿ.ಮೀ. ಕೇಬಲ್‌ನಲ್ಲಿ ಕರೆಂಟ್ ಹರಿಸಿದ್ದಾರೆ.