ಐವತ್ತೇಳರ ಮೇಡಂ ಮತ್ತು ಥಾಯ್ಲೆಂಡಿನ ಭಾನುವಾರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ನಮ್ಮಲ್ಲಿಗೆ ಬಂದವರಿಗೆ 57 ವರ್ಷ. ಅನುದಾನಿತ ಪ್ರೌಢಶಾಲೆಯಲ್ಲಿ 29 ವರ್ಷ ಇಂಗ್ಲಿಷ್ ಕಲಿಸಿ ಸ್ವಯಂನಿವೃತ್ತಿ ಪಡೆದವರು. ಬಿ.ಎ., ಬಿ.ಎಡ್. ಯಜಮಾನರು ತೀರಿಕೊಂಡು ಮೂರು ವರ್ಷ. ಥಾಯ್ಲೆಂಡಿಗೆ ಹೋಗಿ ಕಲಿಸುವ ಆಸೆ. ಮಗಳು 'ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಮ್ಮ' ಎಂದಿದ್ದಾಳೆ. ಏಜೆಂಟೊಬ್ಬ 'ಟೂರಿಸ್ಟ್ ವೀಸಾದಲ್ಲಿ ಹೋಗಿ ಮೇಡಂ, ಆಮೇಲೆ ನೋಡ್ಕೊಳ್ಳೋಣ' ಎಂದು ಒಂದೂಕಾಲು ಲಕ್ಷ ಕೇಳಿದ್ದಾನೆ.

ಮೊದಲ ಭೇಟಿಯಲ್ಲಿ ಕೇಳಿದ್ದು ಒಂದೇ: ಅಲ್ಲಿನ ಒಂದು ಸೋಮವಾರ ಹೇಗಿರುತ್ತದೆ, ಒಂದು ಭಾನುವಾರ ಹೇಗಿರುತ್ತದೆ, ಹೇಳಿ. ಸೋಮವಾರವನ್ನು ಬೆಲ್ಲು, ಹಾಜರಿ, ಬೋರ್ಡಿನ ಸಮೇತ ಹೇಳಿದರು. ಭಾನುವಾರಕ್ಕೆ ಮಾತು ನಿಂತಿತು. ಮನೆಯ ಮೌನದಿಂದ ತಪ್ಪಿಸಿಕೊಳ್ಳಲು ಹೊರಟವರಿಗೆ ಅದೇ ಮೌನ ಬಾಡಿಗೆ ಕೋಣೆಯಲ್ಲೂ ಕಾದಿರುತ್ತದೆ. ಹಾಗೆಂದು ಹೋಗಬೇಡಿ ಎನ್ನಲಿಲ್ಲ. ಭಾನುವಾರದ ವೇಳಾಪಟ್ಟಿಯನ್ನು ಗಂಟೆ ಗಂಟೆಗೆ ಬರೆದುಕೊಂಡು ಬನ್ನಿ ಎಂದೆವು.

ಎರಡನೆಯ ಭೇಟಿ ಭಯಗಳನ್ನು ಬಿಡಿಸುವುದಕ್ಕೆ. ಬಿಪಿ, ಥೈರಾಯ್ಡ್ ಇದ್ದರೆ ಬೇಡ ಎನ್ನುತ್ತಾರೆಂಬುದು ಅವರ ದೊಡ್ಡ ಹೆದರಿಕೆ. ಥಾಯ್ಲೆಂಡಿನ ವರ್ಕ್ ಪರ್ಮಿಟ್‌ಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ ನೋಡುವುದು ಕ್ಷಯ, ಕುಷ್ಠ, ಆನೆಕಾಲು, ಮುಂದುವರಿದ ಸಿಫಿಲಿಸ್, ಮಾದಕವ್ಯಸನ, ಮದ್ಯವ್ಯಸನವನ್ನು. ಬಿಪಿ ಆ ಪಟ್ಟಿಯಲ್ಲಿಲ್ಲ. ವಯಸ್ಸಿನ ಲೆಕ್ಕ ಮಾತ್ರ ನಿಜ. ಎಷ್ಟೋ ಶಾಲೆಗಳು 60ಕ್ಕೆ ಬಾಗಿಲು ಹಾಕುತ್ತವೆ, ಹಾಗಾಗಿ ಕೋರ್ಸು ಅದು ಇದು ಎಂದು ಎರಡು ವರ್ಷ ಕಳೆಯುವಂತಿಲ್ಲ. 'ನೇಟಿವ್ ಸ್ಪೀಕರ್ ಮಾತ್ರ' (ಇಂಗ್ಲಿಷ್ ಮಾತೃಭಾಷೆಯವರೇ ಬೇಕು) ಎನ್ನುವ ಜಾಹೀರಾತಿಗೆ ಅರ್ಜಿ ಹಾಕಿ ಮನಸ್ಸು ಮುರಿದುಕೊಳ್ಳಬೇಡಿ ಎಂದೆವು. ಥಾಯ್ ಶಾಲೆಗಳಲ್ಲಿ ಭಾರತೀಯರೂ ಫಿಲಿಪಿನೋಗಳೂ ಇದ್ದಾರೆ. ಅದೇ ಕೆಲಸಕ್ಕೆ ಬ್ರಿಟಿಷ್, ಅಮೆರಿಕನ್ ಪಾಸ್‌ಪೋರ್ಟಿನವರಿಗಿಂತ ಸಂಬಳ ಸಾಮಾನ್ಯವಾಗಿ ಕಡಿಮೆ. ಅನ್ಯಾಯವೇ, ಆದರೆ ಅದು ನಿಮ್ಮ ಯೋಗ್ಯತೆಯ ಅಳತೆಯಲ್ಲ.

ಏಜೆಂಟನ ದಾರಿ ಬೇಡವೇ ಬೇಡ. ಟೂರಿಸ್ಟ್ ವೀಸಾದಲ್ಲಿ ಕಲಿಸುವುದು ಅಲ್ಲಿ ಅಪರಾಧ. ಬೇಕಾದದ್ದು ಕೆಲಸಕ್ಕೆ ಹೋಗುವವರಿಗೆ ಕೊಡುವ ನಾನ್-ಇಮಿಗ್ರೆಂಟ್ 'ಬಿ' ವೀಸಾ, ಮೇಲೆ ವರ್ಕ್ ಪರ್ಮಿಟ್. ನಮ್ಮ ದೇಶದ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ಕರಾರಿನಲ್ಲಿ ಮಾರ್ಚ್–ಏಪ್ರಿಲ್ ರಜೆಗೆ ಸಂಬಳ ಉಂಟೇ ಎಂದು ಓದಿ. ಹತ್ತು ತಿಂಗಳಿಗೆ ಮಾತ್ರ ಕೊಡುವವರಿದ್ದಾರೆ.

ಕಾಗದಪತ್ರದಲ್ಲಿ ನಮ್ಮವರು ಎಡವುವುದು ಇನಿಶಿಯಲ್ಲಿನಲ್ಲಿ. ಇವರ ಪದವಿ ಪತ್ರದಲ್ಲಿ ತಂದೆಯ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಮೊದಲು ಅದನ್ನು ಸರಿಪಡಿಸಿಕೊಂಡು ಆಮೇಲೆ ದೃಢೀಕರಣಕ್ಕೆ ಹಾಕಿ: ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಥಾಯ್ ರಾಯಭಾರ ಕಚೇರಿ, ಈ ಕ್ರಮದಲ್ಲಿ. ಪೊಲೀಸ್ ಕ್ಲಿಯರೆನ್ಸ್, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಕೊನೆಗೆ. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಆಯಸ್ಸು. ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಆದ್ದರಿಂದ ಓಡಾಟ ನವೆಂಬರಿಗೇ ಶುರು. ಇಲ್ಲಿನ ಆರೋಗ್ಯ ವಿಮೆಯನ್ನು ನಿಲ್ಲಿಸಬೇಡಿ. ನಿಂತರೆ ಬಿಪಿಯ ಖರ್ಚಿಗೆ ವಿಮೆ ಸಿಗಲು ಕಾಯುವ ಅವಧಿ ಮತ್ತೆ ಮೊದಲಿಂದ.

ಅವರು ಕೇಳದೇ ಇದ್ದ ತೊಡಕು ಬೇರೆಯೇ ಇತ್ತು. ನೆರೆಮನೆಯ ಆರು ಮಕ್ಕಳಿಗೆ 20 ನಿಮಿಷ ಪಾಠ ಮಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರಲು ಹೇಳಿದ್ದೆವು. ಅದರಲ್ಲಿ 16 ನಿಮಿಷ ಮೇಡಂದೇ ಮಾತು. ಎಸ್ಸೆಸ್ಸೆಲ್ಸಿಗೆ ಪದ್ಯ ಬಿಡಿಸಿ ಹೇಳಿದ 29 ವರ್ಷದ ಅಭ್ಯಾಸ ಅದು. ಅಲ್ಲಿ 40–50 ಮಕ್ಕಳು ಬಾಯಿ ಬಿಡಬೇಕು. 'ಅರ್ಥ ಆಯ್ತಾ?' ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು 'ನಿನ್ನೆಯದಾ, ನಾಳೆಯದಾ?' ಎಂಬಂಥ ಸಣ್ಣ ಪ್ರಶ್ನೆ ಕೇಳಿ. ಪಾಠಯೋಜನೆಯಲ್ಲಿ ನಿಮಿಷದ ಕಾಲಂ ಎರಡು ಹಾಕಿ, ನನ್ನದು, ಮಕ್ಕಳದು. ಉಚ್ಚಾರದಲ್ಲಿ ಎರಡೇ ತಿದ್ದುಪಡಿ: 'ಎಗ್' ನಮ್ಮ ಬಾಯಲ್ಲಿ 'ಯೆಗ್ಗು' ಆಗುವುದು, 'ವಿ' ಮತ್ತು 'ಡಬ್ಲ್ಯು' ಒಂದೇ ಆಗುವುದು. ಥಾಯ್ ಮಕ್ಕಳ ಕಷ್ಟ ಪದದ ಕೊನೆಯ ವ್ಯಂಜನ. ನಾವು ಅಲ್ಲಿ 'ಉ' ಸೇರಿಸುತ್ತೇವೆ, ಅವರು ವ್ಯಂಜನವನ್ನೇ ನುಂಗುತ್ತಾರೆ.

ಇಂಗ್ಲಿಷ್ ಬೋಧನೆಯ 120 ಗಂಟೆಯ ಅಗ್ಗದ ಆನ್‌ಲೈನ್ ಪ್ರಮಾಣಪತ್ರಕ್ಕೆ ದುಡ್ಡು ಹಾಕಬೇಡಿ, ಬಿ.ಎಡ್. ಅದಕ್ಕಿಂತ ಭಾರ. ಹಣವಿದ್ದರೆ ಇಂಗ್ಲಿಷ್ ಕಲಿಸುವವರಿಗಾಗಿ ಇರುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸು ಮಾಡಿ: ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ, ನಾಲ್ಕು ಲಿಖಿತ ಅಸೈನ್‌ಮೆಂಟ್. ಅಲ್ಲಿ ಮೂವತ್ತು ವಯಸ್ಸಿನ ತರಬೇತುದಾರರು ಎಲ್ಲರೆದುರು 'ನೀವು ಜಾಸ್ತಿ ಮಾತಾಡಿದಿರಿ' ಎಂದಾಗ ಏನನ್ನಿಸುತ್ತದೆಂಬುದನ್ನು ಮೇಡಂ ನಮ್ಮೆದುರೇ ಅಭಿನಯಿಸಿ ನೋಡಿದರು. ಮೊದಲ ಸಲ ಕಣ್ಣೀರು ಬಂತು. ಎರಡನೆಯ ಸಲ ನೋಟ್ಸ್ ಮಾಡಿಕೊಂಡರು.

ಮೂರನೆಯ ಭೇಟಿಗೆ ಮಗಳೂ ಬಂದಿದ್ದರು. ಹೊಸ ರೆಕಾರ್ಡಿಂಗಿನಲ್ಲಿ ಮೇಡಂ ಮಾತು ಒಂಬತ್ತು ನಿಮಿಷಕ್ಕೆ ಇಳಿದಿತ್ತು. ಭಾನುವಾರದ ವೇಳಾಪಟ್ಟಿ ಮಧ್ಯಾಹ್ನದವರೆಗೆ ತುಂಬಿತ್ತು. ನಾಲ್ಕು ಗಂಟೆಯ ಮುಂದೆ ಮಗಳು 'ವಿಡಿಯೊ ಕಾಲ್' ಎಂದು ಬರೆದರು.