ಹೇಯಾನ್ ಕಾಲದ (794–1185) ಜಪಾನ್ ಆಸ್ಥಾನದಲ್ಲಿ ದೊಡ್ಡ ಮನೆತನದ ಹೆಣ್ಣಿಗೆ ತನ್ನದೇ ಅಧಿಕಾರ ಇತ್ತೇ?

ಇತ್ತು. ಆದರೆ ಬಹುಪಾಲು ತಾಯಿಯಾದ ಮೇಲೆ, ಅದರಲ್ಲೂ ವಿಧವೆಯಾದ ಮೇಲೆ. ಆಗ ಆಸ್ಥಾನದಲ್ಲಿ ಪ್ರಬಲವಾಗಿದ್ದ ಫುಜಿವಾರಾ ಮನೆತನದ ಶೋಶಿಯ ಬದುಕನ್ನೇ ನೋಡಿ.

988ರಲ್ಲಿ ಹುಟ್ಟಿದ ಇವಳನ್ನು ಅಪ್ಪ ಮಿಚಿನಾಗ 999ರಲ್ಲೇ ಚಕ್ರವರ್ತಿ ಇಚಿಜೋನ ಅಂತಃಪುರಕ್ಕೆ ಸೇರಿಸಿದ. ಲೆಕ್ಕಾಚಾರ ಸರಳ: ಮೊಮ್ಮಗ ಪಟ್ಟಕ್ಕೆ ಬಂದರೆ ಆಳುವುದು ಅಜ್ಜ. ಅಲ್ಲಿ ಆಗಲೇ ತೇಶಿ ಎಂಬ ಪಟ್ಟದರಸಿ ಇದ್ದಳು. ಮರುವರ್ಷ ಶೋಶಿಯನ್ನೂ ಅದೇ ಸ್ಥಾನಕ್ಕೆ ಏರಿಸಿದರು. ಒಬ್ಬ ಚಕ್ರವರ್ತಿಗೆ ಏಕಕಾಲಕ್ಕೆ ಇಬ್ಬರು ಪಟ್ಟದರಸಿಯರು ಇದ್ದದ್ದು ಅದೇ ಮೊದಲು.

ಇಂಥ ಹೆಣ್ಣುಮಕ್ಕಳ ದಿನ ಕಳೆಯುತ್ತಿದ್ದುದು ತೆರೆ, ಪರದೆಗಳ ಹಿಂದೆ. ಪದ್ಯ, ಕೈಬರಹ, ಸುಗಂಧ, ಉಡುಪಿನ ಪದರುಗಳ ಬಣ್ಣ, ಎಲ್ಲದರಲ್ಲೂ ಅಭಿರುಚಿಯ ಪರೀಕ್ಷೆ. ಚೀನೀ ಪಾಂಡಿತ್ಯ ಮಾತ್ರ ಗಂಡಸರದ್ದು ಎಂಬ ಭಾವನೆ. ಹಾಗಾಗಿ ಶೋಶಿ ತನ್ನ ಪರಿಚಾರಿಕೆ, ‘ಗೆಂಜಿಯ ಕಥೆ’ ಬರೆದ ಲೇಖಕಿ ಮುರಸಾಕಿ ಶಿಕಿಬುವಿನಿಂದ ಚೀನೀ ಕವಿ ಬೈ ಜುಯಿಯ ಪದ್ಯಗಳನ್ನು ಗುಟ್ಟಾಗಿ ಕಲಿತಳು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇಚಿಜೋ ತೀರಿಕೊಂಡ ವರ್ಷವಾದ 1011ರ ಘಟನೆ. ತೇಶಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವಳ ಮಗನನ್ನು ಶೋಶಿಯೇ ಸಾಕಿದ್ದಳು. ಮಿಚಿನಾಗ ಆ ಹುಡುಗನನ್ನು ಬದಿಗೊತ್ತಿ ಶೋಶಿಯ ಸ್ವಂತ ಮಗನನ್ನೇ ಯುವರಾಜನನ್ನಾಗಿಸಿದ. ಲಾಭ ತನ್ನ ಮಗನಿಗೇ ಆದರೂ ಅವಳು ಅಪ್ಪನ ಮೇಲೆ ಮುನಿಸಿಕೊಂಡಳು.

1026ರಲ್ಲಿ ಸನ್ಯಾಸಿನಿಯಾದರೂ ಆಸ್ಥಾನದಲ್ಲಿ ಅವಳ ಮಾತಿಗೆ ತೂಕವಿತ್ತು. ಚಕ್ರವರ್ತಿಗಳಾದ ಇಬ್ಬರು ಮಕ್ಕಳು, ಇಬ್ಬರು ಮೊಮ್ಮಕ್ಕಳು ಅವಳ ಕಣ್ಣೆದುರೇ ತೀರಿಕೊಂಡರು; ಅವಳು ಸತ್ತದ್ದು 1074ರಲ್ಲಿ.