ದೆವ್ವ ಇರುವ ಥ್ರಿಲ್ಲರ್ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಕೊಲೆಯಾಗುತ್ತದೆ, ಅದೇ ರಾತ್ರಿ ಪೋಸ್ಟ್‌ಮಾರ್ಟಂ ಮುಗಿಯುತ್ತದೆ. ಜನ ನಂಬಬೇಕಾದರೆ ದೆವ್ವದ ನಿಯಮಗಳನ್ನು ಎಷ್ಟು ವಿವರಿಸಬೇಕು?

ಒಂದು ಸಾಲೂ ಬೇಡ. ಆರು ವರ್ಷದ ಹಿಂದೆ ನಾನೂ ಇದನ್ನೇ ತಲೆಗೆ ಹಚ್ಚಿಕೊಂಡಿದ್ದೆ. ದೆವ್ವ ಯಾಕೆ ಬರುತ್ತದೆ, ಯಾರಿಗೆ ಕಾಣುತ್ತದೆ, ಯಾವಾಗ ಹೋಗುತ್ತದೆ ಅಂತ ಒಂದು ನೋಟ್‌ಬುಕ್ ಪೂರ್ತಿ ತುಂಬಿಸಿದ್ದೆ. ಅದರ ಬಗ್ಗೆ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ನಾನು ಹಾವೇರಿಯವನು. ಮಾಡಿದ್ದು ನಲವತ್ತು ನಿಮಿಷದ ಕಿರುಚಿತ್ರ, ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನ ಕಥೆ. ಅಲ್ಲಿ ಚೀಲ ಮೈಮೇಲೆ ಬಿದ್ದು ಸತ್ತ ಹಮಾಲನೊಬ್ಬ ರಾತ್ರಿ ಬಂದು ಚೀಲ ಎಣಿಸುತ್ತಾನೆ. ಆ ಸಾವನ್ನು ಮುಚ್ಚಿಟ್ಟ ಲೆಕ್ಕದ ಪುಸ್ತಕ ತರಲು ಗುಮಾಸ್ತ ಒಳಗೆ ನುಗ್ಗುತ್ತಾನೆ. ಮಾಲೀಕನ ಮೂವರು ಆಳುಗಳು ಹುಡುಕಿಕೊಂಡು ಬರುತ್ತಾರೆ. ಗುಮಾಸ್ತ ಮೆಣಸಿನಕಾಯಿ ರಾಶಿಯೊಳಗೆ ಕುತ್ತಿಗೆವರೆಗೂ ಹೂತುಕೊಂಡು ಕೂರುತ್ತಾನೆ. ಅವರು ಕೋಲಿನಿಂದ ರಾಶಿ ಚುಚ್ಚುತ್ತಾರೆ. ಒಂಬತ್ತು ನಿಮಿಷ ಮಾತಿಲ್ಲ, ಮ್ಯೂಸಿಕ್ ಇಲ್ಲ.

ಮೊದಲ ಪ್ರದರ್ಶನ ಬ್ಯಾಡಗಿಯಲ್ಲೇ ಇಟ್ಟೆವು. ಸೋಮವಾರ, ಗುರುವಾರ ಮಾರುಕಟ್ಟೆ ಇರುತ್ತದೆ, ಅದಕ್ಕೇ ಭಾನುವಾರ. ಆ ದೃಶ್ಯ ಶುರುವಾಗಿ ಎರಡು ನಿಮಿಷ ಆಗಿರಬಹುದು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಹಮಾಲರು ಪಕ್ಕದವರನ್ನು ಮೆತ್ತಗೆ ಕೇಳಿದರು, "ಅಲ್ಲೋ, ಅವಂಗ ಕೆಮ್ಮ ಬರಂಗಿಲ್ಲೇನು?"

ಹಾಲ್ ತುಂಬಾ ನಗು. ಆಮೇಲೆ ಸತ್ತ ಹಮಾಲ ಬಂದ, ಅವನಿಗೂ ನಕ್ಕರು. ಅವನ ಹೆಂಡತಿ ಅಳುವಾಗಲೂ ನಕ್ಕರು.

ಈ ತಪ್ಪು ಹೇಗಾಯಿತು ಅಂತ ಬಿಡಿಸಿಯೇ ಹೇಳಬೇಕು. ಯಾಕೆಂದರೆ ನಾನು ಏನೂ ಓದದೆ ಬರೆದವನಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಪ್ರದೇಶದ್ದೇ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ. ಎಲ್ಲ ಓದಿದ್ದೆ. ಖಾರ ಕಡಿಮೆ ಅಂದಮೇಲೆ ರಾಶಿಯೊಳಗೆ ಕೂರಬಹುದು ಅಂತ ಲೆಕ್ಕ ಹಾಕಿದೆ. ನಾಲಿಗೆಗೆ ಹತ್ತುವ ಖಾರವೇ ಬೇರೆ, ಮುಚ್ಚಿದ ಗೋದಾಮಿನಲ್ಲಿ ಮೂಗಿಗೆ ಹೊಡೆಯುವ ಘಾಟೇ ಬೇರೆ. ಒಣಗಿದ ಕಾಯಿ ಮುರಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಏಳುತ್ತದೆ. ಕೋಲಿನಿಂದ ಚುಚ್ಚಿದರೆ ಕೇಳಬೇಕೇ? ಬಚ್ಚಿಟ್ಟುಕೊಂಡವನೂ ಕೆಮ್ಮಬೇಕು, ಹುಡುಕುವವರೂ ಕೆಮ್ಮಬೇಕು.

ಶೂಟಿಂಗ್‌ನಲ್ಲಾದರೂ ಗೊತ್ತಾಗಬೇಕಿತ್ತು ಅಲ್ವಾ? ಆಗಲಿಲ್ಲ. ಶೂಟ್ ಮಾಡಿದ್ದು ಹುಬ್ಬಳ್ಳಿಯ ಒಂದು ಖಾಲಿ ಗೋದಾಮಿನಲ್ಲಿ. ಚೀಲಗಳಲ್ಲಿ ಇದ್ದದ್ದು ಭತ್ತದ ಹೊಟ್ಟು. ರಾಶಿಯ ಒಳಗೆ ಹುಲ್ಲು, ಮೇಲೆ ಮಾತ್ರ ಎರಡು ಚೀಲ ಕಾಯಿ. ಅದಕ್ಕೂ ಕ್ಯಾಮೆರಾದಲ್ಲಿ ಕೆಂಪಗೆ ಹೊಳೆಯಲಿ ಅಂತ ನೀರು ಹೊಡೆದಿದ್ದೆವು. ನೀರು ಹೊಡೆದ ಕಾಯಿಯಿಂದ ಪುಡಿ ಎಲ್ಲಿ ಏಳಬೇಕು? ಮೂರು ರಾತ್ರಿ ಅಲ್ಲಿದ್ದೆವು, ಯಾರೂ ಒಂದು ಸಲವೂ ಸೀನಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ಬ್ಯಾಡಗಿ ಕಾಯಿ, ಖಾರ ಇಲ್ಲ, ಹೆದರಬೇಡ" ಅಂತ ಗುಮಾಸ್ತನ ಬಾಯಲ್ಲಿ ಒಂದು ಮಾತು ಡಬ್ ಮಾಡಿ ಸೇರಿಸಿದೆ. ಹಾವೇರಿಯಲ್ಲಿ ತೋರಿಸಿದಾಗ ಆ ಮಾತಿಗೇ ಜಾಸ್ತಿ ನಕ್ಕರು. ಮೊದಲು ಅದು ಕಣ್ತಪ್ಪಾಗಿತ್ತು, ಈಗ ನಾನೇ ನಿಂತು ಸುಳ್ಳು ಹೇಳಿದ ಹಾಗಾಯಿತು. ಎರಡೂವರೆ ಲಕ್ಷ ಹೋಯಿತು. ಅರ್ಧ ದುಡ್ಡು ಹಾಕಿದ್ದ ಗೆಳೆಯನ ಜೊತೆ ಮಾತೂ ನಿಂತಿತು.

ಅದಕ್ಕೇ ನಿಯಮ ವಿವರಿಸಬೇಡಿ ಅಂತ ಹೇಳುತ್ತಿದ್ದೇನೆ. ದೆವ್ವವನ್ನು ನಿಮ್ಮ ಇಷ್ಟಕ್ಕೆ ಬಿಡಲು ಜನ ತಯಾರಿದ್ದಾರೆ, ಅವರಿಗೆ ಗೊತ್ತಿರುವ ಕೆಲಸದಲ್ಲಿ ಮಾತ್ರ ಬಿಡುವುದಿಲ್ಲ. ನಿಮ್ಮ ಕಥೆಯಲ್ಲಿ ಕೊಲೆಯಾದ ರಾತ್ರಿಯೇ ಪೋಸ್ಟ್‌ಮಾರ್ಟಂ ಮುಗಿಯುತ್ತದೆ ಅಂತ ಬರೆದಿದ್ದೀರಿ. ನನಗೆ ಹೆದರಿಕೆ ಇರುವುದು ಅಲ್ಲಿ. ರಾತ್ರಿ ಪೋಸ್ಟ್‌ಮಾರ್ಟಂಗೆ ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲಿ ಒಪ್ಪಿಗೆ ಕೊಟ್ಟಿತು ನಿಜ. ಆದರೆ ಕೊಲೆ, ಆತ್ಮಹತ್ಯೆ, ಸಾವಿನ ಬಗ್ಗೆ ಅನುಮಾನ ಇರುವ ಪ್ರಕರಣಗಳನ್ನು ಹೊರಗಿಟ್ಟಿತು. ಊರಲ್ಲಿ ಗಲಾಟೆ ಏಳುವ ಪರಿಸ್ಥಿತಿ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಹೆಣ ಬೆಳಗಿನವರೆಗೂ ಶವಾಗಾರದಲ್ಲೇ ಇರಲಿ, ಹೊರಗಿನ ಬೆಂಚಿನ ಮೇಲೆ ಮನೆಯವರು ಕಾಯಲಿ. ನಿಮ್ಮ ದೆವ್ವಕ್ಕೆ ಇಡೀ ಒಂದು ರಾತ್ರಿ ಸಿಗುತ್ತದೆ, ಅದನ್ನು ಯಾಕೆ ಕಳೆದುಕೊಳ್ಳುತ್ತೀರಿ?

ಹೋದ ವರ್ಷ ನಾನು ಆ ಹಿರಿಯರನ್ನು ಹುಡುಕಿಕೊಂಡು ಹೋದೆ. ಒಂದು ದಿನ ಪೂರ್ತಿ ಅವರ ಜೊತೆ ಗೋದಾಮಿನಲ್ಲಿ ಕೂತೆ. ಥಪ್ಪಿ, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲ, ಇಳಿಸುವಾಗ ಮೂಗಿಗೆ, ಬಾಯಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಆದರೂ ಕೆಮ್ಮುತ್ತಾರೆ. ಮಧ್ಯಾಹ್ನ ಕರೆಂಟ್ ಹೋಯಿತು. ಕತ್ತಲಲ್ಲಿ ಎರಡು ಸಲ ಒಣ ಕೆಮ್ಮು ಕೇಳಿತು. "ಅಂವ ನಮ್ಮ ತಮ್ಮ," ಅಂದರು, ತಲೆ ಎತ್ತದೆ. ಇಷ್ಟು ವರ್ಷದಲ್ಲಿ ಒಬ್ಬೊಬ್ಬರದೂ ಕೆಮ್ಮು ಗುರುತಾಗಿದೆಯಂತೆ.

ಊರಿಗೆ ಬಂದು ಆ ಒಂಬತ್ತು ನಿಮಿಷ ಮತ್ತೆ ಬರೆದೆ. ಈಗ ಗುಮಾಸ್ತ ಬಾಯಿಗೆ ಅಂಗಿ ತುರುಕಿಕೊಂಡು ಕೆಮ್ಮುತ್ತಾನೆ. ಹುಡುಕುವ ಮೂವರೂ ಕೆಮ್ಮುತ್ತಾರೆ, ಅದಕ್ಕೇ ಅವನದು ಅವರಿಗೆ ಕೇಳುವುದಿಲ್ಲ. ಆ ಕೊನೆಯ ಥಪ್ಪಿಯ ಹಿಂದೆ ಯಾರೋ ಚೀಲ ಎಣಿಸುತ್ತಿದ್ದಾರೆ. ಹನ್ನೊಂದು, ಹನ್ನೆರಡು, ಹದಿಮೂರು. ಒಂದು ಸಲವೂ ಕೆಮ್ಮುವುದಿಲ್ಲ.

ಹಿರಿಯರಿಗೆ ಓದಿ ಹೇಳಿದೆ. ಚಹಾ ಕೆಳಗಿಟ್ಟು, "ಅಂವ ಮನಷ್ಯಾ ಅಲ್ಲ ಬಿಡು," ಅಂದರು. ದೆವ್ವ ಅನ್ನುವ ಪದ ಆ ದೃಶ್ಯದಲ್ಲಿ ಎಲ್ಲೂ ಇಲ್ಲ.

ಫೆಬ್ರವರಿಯಲ್ಲಿ ಶೂಟಿಂಗ್, ಹೊಸ ಕಾಯಿ ಬಂದಿರುತ್ತದೆ. ಈ ಸಲ ಬ್ಯಾಡಗಿಯಲ್ಲೇ ಮಾಡುತ್ತೇವೆ. ನೀರು ಹೊಡೆಯುವುದಿಲ್ಲ.